ನಿಮ್ಮ ಡ್ರ್ಯಾಗನ್ ನೀರಿನದೋ, ಬೆಂಕಿಯದೋ? ಹಚ್ಚೆ ಹಾಕಿಸುವ ಮುಂಚೆ ಒಂದು ಹೋಲಿಕೆ

ಬೆಳಗಾವಿಯಲ್ಲಿ ಟ್ಯಾಟೂ ಹಾಕಿಸುವವರಿಗೆ ಚಿತ್ರ ಬರೆದುಕೊಡುವುದು ನನ್ನ ಕೆಲಸ. ಸೂಜಿ ಹಿಡಿಯುವವರು ಬೇರೆ, ಕಾಗದದ ಮೇಲೆ ಗೆರೆ ಎಳೆಯುವವನು ನಾನು. ವಾರಕ್ಕೊಬ್ಬರಾದರೂ ಮೊಬೈಲ್ ಮುಂದೆ ಹಿಡಿದು, "ಸರ, ಇಂಥಾದ್ದ ಒಂದ್ ಡ್ರ್ಯಾಗನ್ ಬೇಕ್ರಿ" ಅನ್ನುತ್ತಾರೆ. ಆ ಚಿತ್ರದಲ್ಲಿ ಸಾಮಾನ್ಯವಾಗಿ ಚೀನಾದ ಮೈಗೆ ಯುರೋಪಿನ ರೆಕ್ಕೆ ಅಂಟಿರುತ್ತದೆ, ಸುತ್ತ ಜಪಾನಿನ ಮೋಡ ಇರುತ್ತದೆ. ನೋಡಲು ಚೆಂದವೇ. ಆದರೆ ಮೈಮೇಲೆ ಜೀವಮಾನವಿಡೀ ಇರುವ ಪ್ರಾಣಿ ಯಾವುದು, ಅದು ಹುಟ್ಟಿದ ನಾಡಿನಲ್ಲಿ ಜನ ಅದನ್ನು ಪೂಜಿಸುತ್ತಿದ್ದರೋ ಕೊಲ್ಲುತ್ತಿದ್ದರೋ ಅನ್ನುವುದು ಗೊತ್ತಿರಬೇಕು. ಹಾಗಾಗಿ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮಗೆ ಬೇಕಾದ ಡ್ರ್ಯಾಗನ್ ನೀರಿನದೋ, ಬೆಂಕಿಯದೋ?

ಪೂರ್ವದ ಡ್ರ್ಯಾಗನ್ ಇರುವುದು ನದಿಯಲ್ಲಿ, ಸಮುದ್ರದಲ್ಲಿ, ಮೋಡದಲ್ಲಿ. ಅದು ಮಳೆ ಕೊಡುತ್ತದೆ. ಪಶ್ಚಿಮದ್ದು ಗವಿಯಲ್ಲಿ ಚಿನ್ನದ ರಾಶಿಯ ಮೇಲೆ ಮಲಗಿರುತ್ತದೆ, ಬೆಂಕಿ ಉಗುಳುತ್ತದೆ, ಕೊನೆಗೆ ಯಾರೋ ವೀರನ ಕೈಯಲ್ಲಿ ಸಾಯುತ್ತದೆ. ಹೆಸರು ಒಂದೇ ಆದರೂ ಸ್ವಭಾವ ತದ್ವಿರುದ್ಧ. ಇದನ್ನು ತೀರ್ಮಾನಿಸಿಕೊಂಡರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮಳೆ ತರುವವು

ಚೀನಾದ ಡ್ರ್ಯಾಗನ್‌ಗೆ ಅಲ್ಲಿ 'ಲೋಂಗ್' ಅನ್ನುತ್ತಾರೆ. ಅದರ ಮೈ ಒಂಬತ್ತು ಪ್ರಾಣಿಗಳಿಂದ ಕೂಡಿದ್ದು ಅನ್ನುವ ಹಳೆಯ ಲೆಕ್ಕವಿದೆ: ಜಿಂಕೆಯ ಕೊಂಬು, ಒಂಟೆಯ ತಲೆ, ಹಾವಿನ ಕುತ್ತಿಗೆ, ಕಾರ್ಪ್ ಮೀನಿನ ಹುರುಪೆ, ಹದ್ದಿನ ಉಗುರು, ಹುಲಿಯ ಪಂಜ, ಹಸುವಿನ ಕಿವಿ, ಹೀಗೆ. ಹುರುಪೆಗಳಿಗೂ ಲೆಕ್ಕವಿದೆ, ಒಟ್ಟು 117. ಅದಕ್ಕೆ ರೆಕ್ಕೆ ಇಲ್ಲ, ಆದರೂ ಹಾರುತ್ತದೆ. ಬಾಯಿಯ ಹತ್ತಿರ ಅಥವಾ ಉಗುರಲ್ಲಿ ಒಂದು ಮುತ್ತು ಇರುತ್ತದೆ. ನಾಲ್ಕು ದಿಕ್ಕಿನ ಸಮುದ್ರಗಳಿಗೆ ನಾಲ್ವರು ಡ್ರ್ಯಾಗನ್ ರಾಜರಿದ್ದಾರೆ, ಮಳೆ ಹೋದಾಗ ಜನ ಅವರಿಗೆ ಮೊರೆ ಇಡುತ್ತಿದ್ದರು.

ಇದನ್ನು ಆರಿಸಿಕೊಂಡವರು ಉಗುರು ಎಣಿಸಲೇಬೇಕು. ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಯ ಗುರುತಾಗಿತ್ತು, ಬೇರೆಯವರು ತೊಡುವಂತಿರಲಿಲ್ಲ. ಕೆಳಗಿನವರಿಗೆ ನಾಲ್ಕು ಉಗುರಿನದು. ಜಪಾನಿನಲ್ಲಿ ಸಾಮಾನ್ಯವಾಗಿ ಮೂರು. ಇಂದು ಯಾರೂ ತಡೆಯುವುದಿಲ್ಲ, ಆದರೆ ಒಂದು ಕಾಲಿಗೆ ಐದು, ಇನ್ನೊಂದಕ್ಕೆ ಮೂರು ಉಗುರು ಬರೆದ ಚಿತ್ರ ಕಂಡರೆ ಅದನ್ನು ಬರೆದವರಿಗೆ ವಿಷಯ ಗೊತ್ತಿಲ್ಲ ಅಂತ ತಿಳಿಯಿರಿ.

ಹುಟ್ಟಿದ ವರ್ಷದ ಲೆಕ್ಕದಲ್ಲಿ ಇದನ್ನು ಹಾಕಿಸುವವರೂ ಇದ್ದಾರೆ. ಚೀನೀ ಪಂಚಾಂಗದಲ್ಲಿ 1988, 2000, 2012, 2024 ಡ್ರ್ಯಾಗನ್ ವರ್ಷಗಳು. ಆದರೆ ಅವರ ಹೊಸ ವರ್ಷ ಜನವರಿ ಒಂದಕ್ಕೆ ಶುರುವಾಗುವುದಿಲ್ಲ. 2000ದಲ್ಲಿ ಅದು ಬಂದದ್ದು ಫೆಬ್ರುವರಿ 5ಕ್ಕೆ. ಆ ವರ್ಷದ ಜನವರಿಯಲ್ಲಿ ಹುಟ್ಟಿದವರು ಮೊಲದ ವರ್ಷಕ್ಕೆ ಸೇರುತ್ತಾರೆ. ಗೋಕಾಕದ ಕಡೆಯ ಹುಡುಗಿಯೊಬ್ಬಳಿಗೆ ಇದನ್ನು ಹೇಳಬೇಕಾಗಿ ಬಂದಾಗ ನನಗೇ ಸಂಕಟವಾಯಿತು. ಸೂಜಿ ಚುಚ್ಚುವ ಮುಂಚೆ ತಿಳಿಯಿತಲ್ಲ ಅಂತ ಇಬ್ಬರೂ ಸಮಾಧಾನಪಟ್ಟೆವು. ಅವಳು ಕೊನೆಗೆ ಕಾರ್ಪ್ ಮೀನು ಹಾಕಿಸಿಕೊಂಡಳು. ಹಳದಿ ನದಿಯ ಪ್ರವಾಹಕ್ಕೆ ಎದುರಾಗಿ ಈಜಿ, ಡ್ರ್ಯಾಗನ್ ಬಾಗಿಲನ್ನು ಹಾರಿದ ಮೀನು ಡ್ರ್ಯಾಗನ್ ಆಗುತ್ತದೆ ಅನ್ನುವ ಕಥೆ ಅದರ ಹಿಂದಿದೆ. ಪರೀಕ್ಷೆ ಬರೆಯುತ್ತಿರುವವರಿಗೆ, ಇನ್ನೂ ದಾರಿಯಲ್ಲಿರುವವರಿಗೆ ಡ್ರ್ಯಾಗನ್‌ಗಿಂತ ಆ ಮೀನೇ ಹೆಚ್ಚು ಒಪ್ಪುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಜಪಾನಿನ 'ರ್ಯೂ' ಚೀನಾದಿಂದಲೇ ಬಂದದ್ದು, ಆದರೆ ಹಚ್ಚೆಯ ಕಲೆಯಾಗಿ ಅದು ಬೆಳೆದದ್ದು ಜಪಾನಿನಲ್ಲಿ. 1827ರ ಸುಮಾರಿಗೆ ಉತಗಾವಾ ಕುನಿಯೋಶಿ ಅನ್ನುವ ಕಲಾವಿದ ಚೀನಾದ ಹಳೆಯ ಕಥೆಯ 108 ವೀರರನ್ನು ಮರದಚ್ಚಿನಲ್ಲಿ ಚಿತ್ರಿಸಲು ಶುರುಮಾಡಿದ. ಅವರಲ್ಲಿ ಒಬ್ಬನ ಮೈಮೇಲೆ ಒಂಬತ್ತು ಡ್ರ್ಯಾಗನ್ ಹಚ್ಚೆ. ಆ ಚಿತ್ರಗಳನ್ನು ನೋಡಿ ಎಡೋ ನಗರದ ಕೂಲಿಗಳು, ಬೆಂಕಿ ಆರಿಸುವವರು ತಾವೂ ಹಾಕಿಸಿಕೊಂಡರು. ಬೆಂಕಿಯೊಳಗೆ ನುಗ್ಗುವವನ ಬೆನ್ನಿಗೆ ನೀರಿನ ದೇವತೆ ಕಾವಲು. ನನಗೆ ಗೊತ್ತಿರುವ ಹಚ್ಚೆಯ ಅರ್ಥಗಳಲ್ಲೆಲ್ಲ ಇಷ್ಟು ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದಿಲ್ಲ.

ಆದರೆ ಜಪಾನಿನಲ್ಲೇ ಅದಕ್ಕೆ ಇನ್ನೊಂದು ಮುಖವಿದೆ. 1872ರಲ್ಲಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು, ತೆರವಾದದ್ದು 1948ರಲ್ಲಿ. ಆ ನಡುವೆ, ಆಮೇಲೂ, ಅದು ಯಾಕುಜಾ ಅನ್ನುವ ಅಪರಾಧಿ ಗುಂಪುಗಳ ಗುರುತಾಗಿ ಹೋಯಿತು. ಇಂದಿಗೂ ಅಲ್ಲಿನ ಎಷ್ಟೋ ಬಿಸಿನೀರಿನ ಸ್ನಾನಗೃಹಗಳಲ್ಲಿ ಹಚ್ಚೆ ಇದ್ದವರನ್ನು ಒಳಗೆ ಬಿಡುವುದಿಲ್ಲ. ಎಂಜಿನಿಯರಿಂಗ್ ಮುಗಿಸಿ ಜಪಾನಿಗೆ ಕೆಲಸಕ್ಕೆ ಹೋಗುವ ಯೋಚನೆ ಇರುವವರು ಇದನ್ನು ನೆನಪಿಡಿ. ಮತ್ತೊಂದು ಮಾತು: ಜಪಾನಿನ ಡ್ರ್ಯಾಗನ್ ಒಂಟಿ ಚಿತ್ರವಲ್ಲ. ಗಾಳಿಯ ಪಟ್ಟೆ, ಅಲೆ, ಮೋಡ, ಹೂವು ಎಲ್ಲ ಸೇರಿ ಬೆನ್ನು-ಭುಜದ ಆಕಾರಕ್ಕೆ ಹೊಂದುವ ಒಂದು ಸಂಸಾರ ಅದು. ಮಣಿಕಟ್ಟಿನ ಮೇಲೆ ಎರಡು ಇಂಚಿನ ಜಪಾನೀ ಡ್ರ್ಯಾಗನ್ ಕೇಳಿದರೆ ನಾನು ಬೇಡ ಅನ್ನುತ್ತೇನೆ. ಪೂರ್ತಿ ತೋಳು ಕೊಡುವ ಮನಸ್ಸಿದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಕು.

ಭೂತಾನಿನ 'ದ್ರುಕ್' ಗುಡುಗಿನ ಡ್ರ್ಯಾಗನ್, ಬಿಳಿ ಬಣ್ಣದ್ದು. ಆ ದೇಶದ ಧ್ವಜದ ಮೇಲೆಯೇ ಇದೆ, ಉಗುರುಗಳಲ್ಲಿ ರತ್ನ ಹಿಡಿದಿದೆ. ಬೌದ್ಧ ಧರ್ಮದ ಒಂದು ಪರಂಪರೆಗೂ ಅದೇ ಹೆಸರಿರುವುದರಿಂದ ಅದು ಅಲ್ಲಿನವರಿಗೆ ಪವಿತ್ರ. ಕಾಲಿಗೆ, ಸೊಂಟದ ಕೆಳಗೆ ಬೇಡ.

ವಿಜಯಪುರ ಜಿಲ್ಲೆಯ ಇಂಡಿಯ ಕಡೆಯಿಂದ ಒಬ್ಬ ಯುವಕ ಬಂದಿದ್ದ. ನಿಂಬೆ ತೋಟದವರ ಮಗ. ಅವನು ತಂದದ್ದು ಬೆಂಕಿ ಉಗುಳುವ, ರೆಕ್ಕೆ ಇರುವ ಡ್ರ್ಯಾಗನ್. ಮೇಲೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. "ನಮ್ಮ ಬಾವಿ ಬತ್ತಿ ಎರಡ ವರ್ಷ ಆತ್ರಿ. ಬೆಂಕಿ ಸಾಕ್ರಿ, ಮಳಿದ ಕೊಡ್ರಿ" ಅಂದ. ಅವನ ಮೇಲ್ತೋಳಿಗೆ ನಾನು ಬರೆದದ್ದು ಮೋಡದಿಂದ ಕೆಳಗಿಳಿಯುವ ಡ್ರ್ಯಾಗನ್. ತಲೆ ಕೆಳಮುಖ, ಮುತ್ತಿನ ಜಾಗದಲ್ಲಿ ಒಂದು ನಿಂಬೆಹಣ್ಣು.

ನಿಧಿ ಕಾಯುವವು, ಬೇರು ಕಡಿಯುವವು

ಯುರೋಪಿನ ಡ್ರ್ಯಾಗನ್‌ಗೆ ಬಾವಲಿಯಂಥ ರೆಕ್ಕೆ, ನಾಲ್ಕು ಕಾಲು. ಎರಡೇ ಕಾಲು ಇದ್ದರೆ ಅದು 'ವೈವರ್ನ್' ಅನ್ನುವ ಬೇರೆ ಜಾತಿ. ಕ್ರೈಸ್ತ ಪರಂಪರೆಯಲ್ಲಿ ಡ್ರ್ಯಾಗನ್ ಅಂದರೆ ಕೇಡು. ಕುದುರೆಯ ಮೇಲೆ ಕೂತು ಈಟಿಯಿಂದ ಅದನ್ನು ಇರಿಯುವ ಸಂತ ಜಾರ್ಜ್‌ನ ಚಿತ್ರ ಬೆಳಗಾವಿಯ ಕ್ರೈಸ್ತ ಮನೆಗಳಲ್ಲಿ ನೀವೂ ನೋಡಿರಬಹುದು. ಅದೇ ಯುರೋಪಿನಲ್ಲಿ ವೇಲ್ಸ್ ನಾಡಿನವರಿಗೆ ಕೆಂಪು ಡ್ರ್ಯಾಗನ್ ಅಂದರೆ ತಮ್ಮ ನೆಲದ ಅಭಿಮಾನ. 1959ರಿಂದ ಅವರ ಅಧಿಕೃತ ಧ್ವಜದ ಮೇಲೆ ಅದೇ ಇದೆ. ಉತ್ತರದ ನಾರ್ಸ್ ಪುರಾಣದಲ್ಲಿ ನಿಡ್ಹೊಗ್ ಅನ್ನುವ ಡ್ರ್ಯಾಗನ್ ವಿಶ್ವವೃಕ್ಷದ ಬೇರನ್ನು ಕಡಿಯುತ್ತಲೇ ಇರುತ್ತದೆ. ಹೆಣೆದ ಹಗ್ಗದಂಥ ಆ ವೈಕಿಂಗ್ ಗೆರೆಗಳು ಹಚ್ಚೆಯಲ್ಲಿ ಬಹಳ ಚೆನ್ನಾಗಿ ಕೂಡುತ್ತವೆ, ಆದರೆ ಅರ್ಥ ಕತ್ತಲೆಯದು. "ಶಕ್ತಿಗಾಗಿ" ಅಂತ ಅದನ್ನು ಆರಿಸಿಕೊಳ್ಳುವವರಿಗೆ ಇದನ್ನು ಹೇಳಿಯೇ ಬರೆದುಕೊಡುತ್ತೇನೆ.

ಹಾಗಾದರೆ ಯುರೋಪಿನದು ಯಾರಿಗೆ? ಏನನ್ನಾದರೂ ಗೆದ್ದು ಬಂದವರಿಗೆ. ಕುಡಿತ ಬಿಟ್ಟವರು, ದೊಡ್ಡ ಕಾಯಿಲೆಯಿಂದ ಎದ್ದವರು ಇದನ್ನು ಕೇಳಿದಾಗ, ಗರ್ಜಿಸುವ ಡ್ರ್ಯಾಗನ್ ಬದಲು ಈಟಿ ನೆಟ್ಟ ಡ್ರ್ಯಾಗನ್ ತೋರಿಸುತ್ತೇನೆ. ಕೆಲವರಿಗೆ ಅದು ನೋಡಿದ ಕೂಡಲೇ ತಮ್ಮದು ಅನಿಸುತ್ತದೆ.

ಬರೀ ಕಪ್ಪು, ಚೂಪು ಚೂಪಾದ 'ಟ್ರೈಬಲ್' ಡ್ರ್ಯಾಗನ್ ಬಗ್ಗೆ ಹೇಳಲು ಹೆಚ್ಚಿಲ್ಲ. ಪೆಸಿಫಿಕ್ ದ್ವೀಪಗಳ, ಬೋರ್ನಿಯೋದ ಹಚ್ಚೆಗಳಿಂದ ಗೆರೆಯ ಗತ್ತನ್ನು ಮಾತ್ರ ಎತ್ತಿಕೊಂಡದ್ದು ಅದು. ಯಾವ ಕುಲದ ಕಥೆಯೂ ಅದರಲ್ಲಿಲ್ಲ. ದಪ್ಪ ಗೆರೆಯಾದ್ದರಿಂದ ಬಹಳ ಕಾಲ ಬಾಳುತ್ತದೆ, ಅಷ್ಟು ಗುಣ ಇದೆ. ತನ್ನ ಬಾಲ ತಾನೇ ಕಚ್ಚಿದ ಹಾವು-ಡ್ರ್ಯಾಗನ್ ಬೇರೆ ಮಾತು. ಈಜಿಪ್ಟಿನಲ್ಲಿ ತುತಂಖಾಮನ್ ಸಮಾಧಿಯಲ್ಲೇ ಅದು ಸಿಕ್ಕಿದೆ. ಮೊದಲು-ಕೊನೆ ಇಲ್ಲದ್ದು ಅನ್ನುವ ಅರ್ಥ, ಸಣ್ಣ ಜಾಗದಲ್ಲೂ ಕೂಡುತ್ತದೆ.

ನಮ್ಮ ಕಲ್ಲಿನಲ್ಲಿ, ನಮ್ಮ ಕಂಚಿನಲ್ಲಿ

ಇಷ್ಟೆಲ್ಲ ಹೇಳಿದ ಮೇಲೆ ನಾನು ಎಲ್ಲರಿಗೂ ಒಂದು ಕೆಲಸ ಹಚ್ಚುತ್ತೇನೆ. ಒಂದು ರವಿವಾರ ಬಸ್ ಹತ್ತಿ ಬಾದಾಮಿಗೆ ಹೋಗಿ, ಇನ್ನೊಂದು ರವಿವಾರ ವಿಜಯಪುರಕ್ಕೆ.

ಬಾದಾಮಿಯ ಮೊದಲನೆಯ ಗುಹೆಯಲ್ಲಿ ಎಲ್ಲರೂ ಹದಿನೆಂಟು ಕೈಯ ನಟರಾಜನನ್ನು ನೋಡಿ ಮುಂದೆ ಹೋಗುತ್ತಾರೆ. ನೀವು ಒಳಗೆ ನಿಂತು ಕತ್ತೆತ್ತಿ. ಛಾವಣಿಯಲ್ಲಿ ನಾಗರಾಜ ಇದ್ದಾನೆ. ಹಾವಿನ ಮೈ ಸುತ್ತು ಸುತ್ತಾಗಿ ಹೊರಳಿ ಒಂದು ದುಂಡನೆಯ ಹಾಸಾಗಿದೆ, ಅದರ ನಡುವಿನಿಂದ ಮನುಷ್ಯನ ಮುಖ-ಎದೆ ಮೇಲೆದ್ದಿದೆ, ತಲೆಯ ಹಿಂದೆ ಹೆಡೆಗಳು. ಆ ಸುರುಳಿಯನ್ನು ಗಮನವಿಟ್ಟು ನೋಡಿ: ಒಂದು ಸುತ್ತು ಇನ್ನೊಂದರ ಕೆಳಗೆ ಎಲ್ಲಿ ಹೋಗುತ್ತದೆ, ಎಲ್ಲಿ ಮತ್ತೆ ಮೇಲೆ ಬರುತ್ತದೆ ಅನ್ನುವುದು ಎಲ್ಲೂ ತಪ್ಪಿಲ್ಲ. ಭುಜದ ಮೇಲೆ ಹಾವು ಸುತ್ತಿಸುವ ಚಿತ್ರಗಾರರು ಎಡವುವುದು ಇಲ್ಲೇ. ನಾನು ಕಲಿತದ್ದು ಆ ಛಾವಣಿಯ ಕೆಳಗೆ, ಕುತ್ತಿಗೆ ನೋಯುವ ತನಕ ನೋಡಿ ಬರೆದು. ಮೂರನೆಯ ಗುಹೆಯಲ್ಲಿ ವಿಷ್ಣು ಅನಂತನ ಸುರುಳಿಯ ಮೇಲೆ ಕೂತಿದ್ದಾನೆ. ಆ ಗುಹೆಯ ಶಾಸನದ ಕಾಲ 578.

ಆದರೆ ನಾಗ ನಮ್ಮಲ್ಲಿ ಇಂದಿಗೂ ದೇವರು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ ಕಟ್ಟಿ, ಜೋಕಾಲಿ ಆಡಿ, ನಾಗಪ್ಪಗೆ ಹಾಲೆರೆಯುವ ನಾಡು ಇದು. ಡ್ರ್ಯಾಗನ್ ಬದಲಿಗೆ ನಾಗನನ್ನು ಆರಿಸಿಕೊಂಡರೆ ಮನೆಯವರನ್ನು ಕೇಳಿ, ಮೇಲ್ತೋಳು, ಭುಜ, ಬೆನ್ನಿನ ಮೇಲ್ಭಾಗ ಇಷ್ಟರಲ್ಲೇ ಹಾಕಿಸಿ. ಪಾದಕ್ಕೆ ಹಾಕಿಸಿಕೊಂಡು ಆಮೇಲೆ ಅವ್ವನ ಎದುರು ಸದಾ ಕಾಲುಚೀಲ ತೊಟ್ಟು ಓಡಾಡುವವರನ್ನು ಕಂಡಿದ್ದೇನೆ. ಋಗ್ವೇದದ ವೃತ್ರನೂ ಒಬ್ಬ ಮಹಾಸರ್ಪವೇ, ನೀರನ್ನು ತಡೆದು ಮಲಗಿದ್ದವನು. ಇಂದ್ರ ಅವನನ್ನು ಕೊಂದ ಮೇಲೆ ನದಿಗಳು ಹರಿದವು. ಚೀನಾದಲ್ಲಿ ನೀರು ಕೊಡುವುದು, ಇಲ್ಲಿ ನೀರು ಕಟ್ಟಿಹಾಕುವುದು. ಹಾವಿನ ಮೈಗೂ ನೀರಿಗೂ ಇರುವ ನಂಟು ಮಾತ್ರ ಎರಡೂ ಕಡೆ ಒಂದೇ.

ಡ್ರ್ಯಾಗನ್‌ಗೆ ಸಮನಾಗಿ ನಿಲ್ಲುವ ನಮ್ಮ ಪ್ರಾಣಿ ಅಂದರೆ ನನ್ನ ಪ್ರಕಾರ ಮಕರ. ಆನೆಯ ಸೊಂಡಿಲು, ಮೊಸಳೆಯ ದವಡೆ, ಮೀನಿನ ಮೈ, ಬಾಲ ಮಾತ್ರ ಬಳ್ಳಿಯಾಗಿ ಹೂವಾಗಿ ಬಿಚ್ಚಿಕೊಳ್ಳುತ್ತದೆ. ಗಂಗೆಯ ವಾಹನ, ವರುಣನ ವಾಹನ. ಇದೂ ನೀರಿನದೇ. ಟಿಬೆಟ್‌ನವರೂ ಸಿಂಹಳದವರೂ ಇದನ್ನು ತಮ್ಮದಾಗಿಸಿಕೊಂಡಿದ್ದಾರೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಅಲ್ಲಿ ಹೋದಾಗ ಗೋಡೆಯ ಗೂಡುಗಳ ಮೇಲಿನ ತೋರಣಗಳನ್ನು ನೋಡಿ. ಎರಡು ಮಕರಗಳ ಬಾಯಿಂದ ಬಾಗಿ ಬರುವ ಆ ಕಮಾನಿನ ಆಕಾರ ಕೊರಳೆಲುಬಿನ ಕೆಳಗೆ, ಅಥವಾ ತೋಳಿನ ಸುತ್ತ ಬಳೆಯ ಹಾಗೆ ಅಳತೆ ತೆಗೆದಂತೆ ಕೂಡುತ್ತದೆ. ಇದನ್ನು ಕೇಳುವವರು ಕಡಿಮೆ, ಅದು ನನ್ನ ಕೊರಗು. ಸಿಂಹದ ಮೈಯ ವ್ಯಾಳಿಯೂ ಇದೆ, ಆದರೆ ಅದು ಕಂಬದ ಪ್ರಾಣಿ. ಎದ್ದು ನಿಂತ ಭಂಗಿಯಲ್ಲಿಯೇ ಚೆಂದ, ಮೊಣಕಾಲಿನ ಕೆಳಗೆ ಮೀನಖಂಡದ ಮೇಲೆ ಚೆನ್ನಾಗಿ ಬರುತ್ತದೆ.

ಬೆಂಕಿಯದೇ ಬೇಕು ಅನ್ನುವವರಿಗೆ ವಿಜಯಪುರದಲ್ಲಿ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದರ ಬಾಯಿಯೇ ಒಂದು ಮೃಗದ ತಲೆ. ಸಿಂಹ ಅನ್ನುವವರು ಇದ್ದಾರೆ, ಡ್ರ್ಯಾಗನ್ ಅನ್ನುವವರೂ ಇದ್ದಾರೆ. ಹತ್ತಿರ ಹೋಗಿ ದವಡೆಯ ಪಕ್ಕ ನೋಡಿ: ಕೋರೆಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಗುಂಡು ಹಾರಿದಾಗ ಬೆಂಕಿ ಬರುತ್ತಿದ್ದದ್ದು ಆ ಬಾಯಿಂದಲೇ. ಆನೆಗಳನ್ನು ಕೊಕ್ಕಿನಲ್ಲಿ, ಉಗುರಲ್ಲಿ ಹಿಡಿದ ಗಂಡಭೇರುಂಡ ವಿಜಯನಗರದ ನಾಣ್ಯದಲ್ಲೂ ಇದೆ, ಎದುರಾಳಿಯ ದೊಡ್ಡ ಬಲವನ್ನೇ ನುಂಗುವ ಪ್ರಾಣಿ ಅನ್ನುವ ಕಲ್ಪನೆ ಈ ನೆಲಕ್ಕೆ ಹೊಸದಲ್ಲ. ಮೊಬೈಲಿನ ಸಾವಿರ ಡ್ರ್ಯಾಗನ್‌ಗಳಿಗಿಂತ ಆ ಒಂದು ತಲೆಯನ್ನು ಚೆನ್ನಾಗಿ ಬರೆಸಿಕೊಂಡರೆ ಅಂಥದ್ದು ಬೇರೆ ಯಾರ ತೋಳಿನ ಮೇಲೂ ಸುಲಭಕ್ಕೆ ಸಿಗದು.

ಅಜ್ಜಿಯ ಮುಂಗೈ

ಅರ್ಥ ಎಷ್ಟೇ ಚೆನ್ನಾಗಿದ್ದರೂ ಚರ್ಮ ತನ್ನ ಮಾತನ್ನೇ ಕೇಳುವುದು. ಇದನ್ನು ನನಗೆ ಕಲಿಸಿದ್ದು ಗುಳೇದಗುಡ್ಡದ ನಮ್ಮಜ್ಜಿಯ ಮುಂಗೈ. ಹುಡುಗಿಯಾಗಿದ್ದಾಗ ಹಚ್ಚಿ ಹಾಕುವಾಕಿ ಮನೆ ಬಾಗಿಲಿಗೆ ಬಂದು, ಹಾಡುತ್ತಾ ಚುಚ್ಚಿದ್ದಂತೆ. ಒಂದು ಚೇಳು, ಒಂದು ತುಳಸಿಕಟ್ಟಿ, ಸುತ್ತ ಚುಕ್ಕಿ. "ಸತ್ತಾಗ ಬಂಗಾರ ಬಿಚ್ಕೋತಾರ, ಹಚ್ಚಿ ಅಷ್ಟ ಜೋಡಿ ಬರ್ತೈತಿ" ಅನ್ನುತ್ತಿದ್ದಳು. ಕಪ್ಪು ಹಸಿರಾಗಿತ್ತು, ಗೆರೆ ಹಬ್ಬಿ ದಪ್ಪವಾಗಿತ್ತು. ಆದರೂ ಅರವತ್ತು ವರ್ಷದ ಮೇಲೆ ಚೇಳು ಚೇಳಾಗಿಯೇ ಕಾಣುತ್ತಿತ್ತು, ಯಾಕೆಂದರೆ ಅದಕ್ಕಿದ್ದದ್ದು ಏಳೆಂಟು ಗೆರೆ, ನಡುವೆ ಬೇಕಾದಷ್ಟು ಖಾಲಿ ಜಾಗ.

ಡ್ರ್ಯಾಗನ್‌ಗೆ ಹುರುಪೆ ನೂರಾರು. ಅಂಗೈ ಅಗಲದಲ್ಲಿ ಅಷ್ಟನ್ನೂ ತುಂಬಿದರೆ ಹತ್ತು ವರ್ಷದಲ್ಲಿ ಅದು ಕಪ್ಪು ಮೋಡವಾಗುತ್ತದೆ. ಸಣ್ಣದೇ ಬೇಕಾದರೆ ಹುರುಪೆ ಬಿಟ್ಟು ಮೈಯ ಹೊರಗೆರೆ, ಕಣ್ಣು, ಮೀಸೆ ಇಷ್ಟನ್ನೇ ಉಳಿಸಿ. ದೊಡ್ಡದಾದರೆ ಒಂದೊಂದು ಹುರುಪೆಯೂ ಕನಿಷ್ಠ ಬೇಳೆಕಾಳಿನಷ್ಟು ಇರಲಿ. ನಮ್ಮ ಮೈಬಣ್ಣಕ್ಕೆ ಕಪ್ಪು ಮತ್ತು ಬೂದು ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಗಾಢ ಕೆಂಪು ನಡೆಯುತ್ತದೆ. ಹಳದಿ, ಬಿಳಿ, ತಿಳಿ ನೀಲಿ ಬಿಸಿಲಿಗೆ ಬೇಗ ಮಾಸುತ್ತವೆ, ವಿಜಯಪುರದ ಬಿಸಿಲಂತೂ ಹೇಳುವುದೇ ಬೇಡ. ಮುಂದೆ ಯಾವಾಗಲಾದರೂ ಲೇಸರಿನಲ್ಲಿ ತೆಗೆಸಬೇಕಾಗಿ ಬಂದರೂ ಕಪ್ಪು ಬೇಗ ಹೋಗುತ್ತದೆ, ಹಸಿರು-ನೀಲಿ ಹಟ ಮಾಡುತ್ತವೆ.

ಸೇನೆಗೆ ತಯಾರಿ ನಡೆಸಿರುವ ಹುಡುಗರು ಇಲ್ಲಿ ಬಹಳ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇದೆ, ಬೆಳಗಿನ ಜಾವ ರಸ್ತೆಯಲ್ಲಿ ಓಡುವವರನ್ನು ದಿನಾ ನೋಡುತ್ತೇವೆ. ಸೇನಾ ಭರ್ತಿಯಲ್ಲಿ ಶಾಶ್ವತ ಹಚ್ಚೆಗೆ ಒಪ್ಪಿಗೆ ಇರುವುದು ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಬದಿಗೆ ಮತ್ತು ಅಂಗೈಯ ಹಿಂಬದಿಗೆ ಮಾತ್ರ. ಅರೆಸೇನಾ ಪಡೆಗಳಲ್ಲಿ ಇನ್ನೂ ಬಿಗಿ: ಸೆಲ್ಯೂಟ್ ಹೊಡೆಯದ ಎಡಗೈ, ಆ ಭಾಗದ ಕಾಲಂಶಕ್ಕಿಂತ ಚಿಕ್ಕದು, ಅದರಲ್ಲೂ ಧಾರ್ಮಿಕ ಚಿಹ್ನೆ ಅಥವಾ ಹೆಸರು. ಭುಜದ ತುಂಬ ಡ್ರ್ಯಾಗನ್ ಹಾಕಿಸಿಕೊಂಡು ಮೈದಾನಕ್ಕೆ ಹೋದರೆ ಓಟದಲ್ಲಿ ಗೆದ್ದರೂ ಮೆಡಿಕಲ್‌ನಲ್ಲಿ ವಾಪಸ್. ಇಂಥವರಿಗೆ ನಾನು ಚಿತ್ರ ಬರೆದು ಕೊಡುತ್ತೇನೆ, ಹಾಕಿಸುವುದನ್ನು ಭರ್ತಿ ಮುಗಿಯುವ ತನಕ ತಡೆಯಲು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬನಶಂಕರಿ ಜಾತ್ರೆ, ಸವದತ್ತಿ ಎಲ್ಲಮ್ಮನ ಜಾತ್ರೆಗಳಂಥ ಕಡೆ ನೆಲದ ಮೇಲೆ ಕೂತು ಮಷೀನಿನಲ್ಲಿ ಹಚ್ಚೆ ಹಾಕುವವರು ಸಿಗುತ್ತಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದೇ ಸೂಜಿ ಹತ್ತು ಮಂದಿಗೆ ತಾಗಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಎಲ್ಲೇ ಹಾಕಿಸಿದರೂ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರು ಒಡೆಯಬೇಕು, ಬಣ್ಣವನ್ನು ಹೊಸ ಚಿಕ್ಕ ಕಪ್ಪಿಗೆ ಸುರಿಯಬೇಕು, ಕೈಗವಸು ಹೊಸದಿರಬೇಕು. ಗಾಯ ಆದಲ್ಲಿ ಗಂಟು ಕಟ್ಟುವ ಮೈ ಇದ್ದವರು, ಸಕ್ಕರೆ ಕಾಯಿಲೆ ಇದ್ದವರು ಮೊದಲು ವೈದ್ಯರನ್ನು ಕಾಣಲಿ. ಹಾಕಿಸಿದ ಮೇಲೆ ಎರಡು ಮೂರು ವಾರ ಕೆರೆ-ಬಾವಿಯ ಈಜು ಬೇಡ, ಬಿಸಿಲು ಬೇಡ, ಸಿಪ್ಪೆ ಕೀಳುವುದು ಬೇಡ.

ಚಿತ್ರ ಒಪ್ಪಿಗೆಯಾದ ಮೇಲೂ ನಾನು ಕೂಡಲೇ ಕಳಿಸುವುದಿಲ್ಲ. ಅದೇ ಅಳತೆಯಲ್ಲಿ ತೆಳು ಕಾಗದದ ಮೇಲೆ ತೆಗೆದು, ಹಾಕಿಸುವ ಜಾಗದ ಫೋಟೋದ ಮೇಲೆ ಅಂಟಿಸಿ, ಮನೆಯ ಕನ್ನಡಿಗೆ ಹಚ್ಚಲು ಹೇಳುತ್ತೇನೆ. ದಿನಾ ಹಲ್ಲುಜ್ಜುವಾಗ ಕಾಣಬೇಕು. ಒಂದು ತಿಂಗಳು. ಇಂಡಿಯ ಹುಡುಗ ಎರಡು ತಿಂಗಳು ಬಿಟ್ಟು ಬಂದ. ಕಾಗದ ಮಾಸಿ ಮೂಲೆ ಮಡಚಿತ್ತು, ನಿಂಬೆಹಣ್ಣಿನ ಪಕ್ಕ ಪೆನ್ಸಿಲಿನಲ್ಲಿ ಯಾರೋ ಎರಡು ಎಲೆ ಬರೆದು ಸೇರಿಸಿದ್ದರು. "ಅಪ್ಪಾರು ಬರದಾರ್ರಿ" ಅಂದ. ಆ ಎಲೆಗಳನ್ನು ಹಾಗೆಯೇ ಇಟ್ಟು ಹೊಸ ಕಾಗದಕ್ಕೆ ಇಳಿಸಿಕೊಟ್ಟೆ.